ಆಫ್‌ರೋಡ್ ವಾಹನಕ್ಕೆ ಸಿಬಿ ರೇಡಿಯೊ: ಯಾವ ಸೆಟ್ಟು, ಯಾವ ಆಂಟೆನಾ, ಎಲ್ಲಿ ಕೂರಿಸುವುದು?

ಆಫ್‌ರೋಡ್ ವಾಹನಕ್ಕೆ ಸಿಬಿ (ಸಿಟಿಜನ್ಸ್ ಬ್ಯಾಂಡ್) ರೇಡಿಯೊ, ಅಂದರೆ ವಾಹನದಿಂದ ವಾಹನಕ್ಕೆ ಮಾತಾಡುವ ರೇಡಿಯೊ ಹಾಕಿಸಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ರೇಡಿಯೊ ಸೆಟ್ಟನ್ನು ಆರಿಸುತ್ತಾರೆ, ಬಜೆಟ್ಟಿನ ಬಹುಪಾಲನ್ನು ಅದಕ್ಕೇ ಕೊಡುತ್ತಾರೆ, ಉಳಿದ ಹಣದಲ್ಲಿ ಸಿಕ್ಕಿದ ಆಂಟೆನಾವನ್ನು ಸಿಕ್ಕಿದ ಜಾಗದಲ್ಲಿ ಬಿಗಿಸುತ್ತಾರೆ. ಈ ಕ್ರಮವನ್ನು ತಿರುಗಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸಿಬಿ ಬ್ಯಾಂಡಿನಲ್ಲಿ ಪ್ರಸಾರದ ಶಕ್ತಿಗೆ ಕಾನೂನೇ ಮಿತಿ ಹಾಕಿದೆ: ಅಮೆರಿಕದಲ್ಲಿ ಎಎಂ ವಿಧಾನಕ್ಕೆ 4 ವಾಟ್, ಯುರೋಪಿನ ಬಹುತೇಕ ದೇಶಗಳಲ್ಲಿ ಎಫ್‌ಎಂ ವಿಧಾನಕ್ಕೆ 4 ವಾಟ್. ಈ ಎರಡು ವಿಧಾನಗಳಲ್ಲಿ ಅಗ್ಗದ ಸೆಟ್ಟೂ ದುಬಾರಿ ಸೆಟ್ಟೂ ಅದೇ 4 ವಾಟನ್ನೇ ಹೊರಹಾಕುತ್ತವೆಯಾದ್ದರಿಂದ, ಹೆಚ್ಚು ಹಣ ಕೊಟ್ಟು ಹೆಚ್ಚು ದೂರವನ್ನು ಕೊಳ್ಳಲು ಬರುವುದಿಲ್ಲ. ಆ 4 ವಾಟಿನಲ್ಲಿ ಎಷ್ಟು ಭಾಗ ಗಾಳಿಗೆ ಸೇರುತ್ತದೆ, ಎಷ್ಟು ಭಾಗ ಸುರುಳಿಯಲ್ಲಿ ಬಿಸಿಯಾಗಿ ಹೋಗುತ್ತದೆ ಎಂಬುದನ್ನು ನಿರ್ಧರಿಸುವುದು ಆಂಟೆನಾ, ಅದು ಕೂತ ಜಾಗ ಮತ್ತು ಅದರ ಕೆಳಗಿರುವ ಲೋಹ.

ಇನ್ನೂ ಮೊದಲಿನ ಪ್ರಶ್ನೆಯೊಂದಿದೆ. ನಿಮ್ಮ ಜೊತೆ ಹೊರಡುವ ಉಳಿದ ವಾಹನಗಳಲ್ಲಿ ಯಾವ ರೇಡಿಯೊ ಇದೆ? ಆಸ್ಟ್ರೇಲಿಯಾದಲ್ಲಿ ಸಿಬಿ ಎಂದರೆ ಈಗ ಬಹುಮಟ್ಟಿಗೆ 477 ಮೆಗಾಹರ್ಟ್ಸ್ ಆಸುಪಾಸಿನ, ಹೆಚ್ಚು ಆವರ್ತನದ ಯುಎಚ್‌ಎಫ್ ಬ್ಯಾಂಡು. ಅಲ್ಲಿ 80 ಚಾನೆಲ್‌ಗಳಿವೆ. ಅಮೆರಿಕದಲ್ಲಿ ಆಫ್‌ರೋಡ್ ತಂಡಗಳು 27 ಮೆಗಾಹರ್ಟ್ಸ್‌ನ ಸಿಬಿಯಿಂದ, ಪರವಾನಗಿ ಬೇಕಾದ ಇನ್ನೊಂದು ಬಗೆಯ ರೇಡಿಯೊ ಸೇವೆಯಾದ ಜಿಎಂಆರ್‌ಎಸ್ ಕಡೆಗೆ ವಾಲುತ್ತಿವೆ. ತಂಡವೆಲ್ಲ ಬೇರೆ ಬ್ಯಾಂಡಿನಲ್ಲಿ ಮಾತಾಡುವಾಗ ನಿಮ್ಮೊಬ್ಬರ ವಾಹನದಲ್ಲಿ ಎಷ್ಟು ಒಳ್ಳೆಯ ಸಿಬಿ ಇದ್ದರೂ ಪ್ರಯೋಜನವಿಲ್ಲ. ನಿಮ್ಮ ದೇಶದಲ್ಲಿ ಯಾವ ವಿಧಾನಕ್ಕೆ, ಎಷ್ಟು ಶಕ್ತಿಗೆ, ಎಂಥ ಆಂಟೆನಾಕ್ಕೆ ಅನುಮತಿಯಿದೆ ಎಂಬುದನ್ನೂ ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. ಮುಂದಿನದೆಲ್ಲ 27 ಮೆಗಾಹರ್ಟ್ಸ್‌ನ 40 ಚಾನೆಲ್‌ಗಳ ಸಿಬಿಯನ್ನೇ ಕುರಿತದ್ದು.

ಯಾವುದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕು

ಮೊದಲನೆಯದು, ನಿಮಗೆ ಬೇಕಾದ ದೂರ. ಸಾಲಿನಲ್ಲಿ ಮುಂದಿನ ಮತ್ತು ಹಿಂದಿನ ವಾಹನಗಳೊಡನೆ ಮಾತಾಡಿದರೆ ಸಾಕು ಎನ್ನುವವರಿಗೆ ಒಂದು ಕಿಲೋಮೀಟರೂ ಹೆಚ್ಚೇ. ದಾರಿ ತಪ್ಪಿದ ವಾಹನವನ್ನು ಹುಡುಕಬೇಕಾದ ತಂಡದ ಮುಂದಾಳಿಗೆ ಐದಾರು ಕಿಲೋಮೀಟರ್ ಬೇಕಾಗುತ್ತದೆ. ಎರಡನೆಯದು, ವಾಹನದ ಬಾಡಿ ಯಾವುದರಿಂದ ಆಗಿದೆ ಎಂಬುದು: ಉಕ್ಕು, ಅಲ್ಯುಮಿನಿಯಂ, ಫೈಬರ್‌ಗ್ಲಾಸ್ ಅಥವಾ ಬಟ್ಟೆಯ ಮೇಲುಹೊದಿಕೆ. ಮೂರನೆಯದು ದಾರಿಯ ಸ್ವಭಾವ. ತಗ್ಗಿದ ಕೊಂಬೆಗಳ ಕಾಡಿಗೆ ಒಗ್ಗುವ ಆಂಟೆನಾ ಬೇರೆ, ಮರಳುಗಾಡಿಗೆ ಒಗ್ಗುವುದು ಬೇರೆ. ನಾಲ್ಕನೆಯದು ಎತ್ತರದ ಮಿತಿ, ಅಂದರೆ ವಾಹನ ನಿಲ್ಲಿಸುವ ಛಾವಣಿಯ ಎತ್ತರ ಮತ್ತು ಮೇಲ್ಛಾವಣಿಯಲ್ಲಿ ಹೊರುವ ಸಾಮಾನು. ವಾಹನಕ್ಕೆ ತೂತು ಕೊರೆಯಲು ನೀವು ಸಿದ್ಧರಿದ್ದೀರಾ ಎಂಬುದು ಐದನೆಯದು. ಹಣದ ಲೆಕ್ಕ ಈ ಐದೂ ತೀರ್ಮಾನವಾದ ಮೇಲೆ ಬರಬೇಕು. ಏಕೆಂದರೆ ಇವುಗಳಿಗೆ ಉತ್ತರ ಸಿಗುವಷ್ಟರಲ್ಲಿ ಆಯ್ಕೆಗಳಲ್ಲಿ ಅರ್ಧದಷ್ಟು ತಾವಾಗಿಯೇ ಉದುರಿಹೋಗಿರುತ್ತವೆ.

ಆಂಟೆನಾ: ಉದ್ದ ಮತ್ತು ಸುರುಳಿಯ ನಡುವಿನ ಚೌಕಾಸಿ

27 ಮೆಗಾಹರ್ಟ್ಸ್‌ನ ತರಂಗಾಂತರ ಸುಮಾರು 11 ಮೀಟರ್. ವಾಹನದ ಮೇಲೆ ಸಹಜವಾಗಿ ಕೆಲಸ ಮಾಡುವ ಕಾಲುತರಂಗದ ಆಂಟೆನಾ ಅದರ ನಾಲ್ಕನೇ ಒಂದು ಭಾಗ, ಅಂದರೆ ಸುಮಾರು 2.7 ಮೀಟರ್ ಉದ್ದವಿರಬೇಕಾಗುತ್ತದೆ. ಅದಕ್ಕಿಂತ ಗಿಡ್ಡನೆಯ ಪ್ರತಿಯೊಂದು ಆಂಟೆನಾದಲ್ಲೂ ಕೊರತೆಬಿದ್ದ ಉದ್ದವನ್ನು ತಂತಿಯ ಸುರುಳಿಯಿಂದ ತುಂಬಿರುತ್ತಾರೆ. ಸುರುಳಿ ಹೆಚ್ಚಿದಷ್ಟೂ ಶಕ್ತಿ ಅದರಲ್ಲೇ ವ್ಯಯವಾಗುತ್ತದೆ. ಜೊತೆಗೆ ಆಂಟೆನಾ ಸರಿಯಾಗಿ ಕೆಲಸ ಮಾಡುವ ಚಾನೆಲ್‌ಗಳ ವ್ಯಾಪ್ತಿಯೂ ಕಿರಿದಾಗುತ್ತದೆ. ಗಿಡ್ಡನೆಯ ಆಂಟೆನಾವೂ ಉದ್ದನೆಯದರಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬ ಜಾಹೀರಾತನ್ನು ಕಂಡರೆ ನಂಬಬೇಡಿ. ಆಂಟೆನಾದ ಆಯ್ಕೆಯೆಂದರೆ ಇಷ್ಟೇ: ಎಷ್ಟು ಉದ್ದವನ್ನು ಸಹಿಸಿಕೊಳ್ಳುತ್ತೀರಿ, ಸುರುಳಿಯನ್ನು ಎಲ್ಲಿ ಇಡುತ್ತೀರಿ?

ಪೂರ್ಣ ಉದ್ದದ ಉಕ್ಕಿನ ಸಲಾಕೆಯಲ್ಲಿ ಸುರುಳಿಯೇ ಇಲ್ಲ, ನಷ್ಟ ಅತ್ಯಲ್ಪ, ಬೆಲೆಯೂ ಹೆಚ್ಚಲ್ಲ. ಬಯಲು, ಮರಳುದಿಬ್ಬ, ಒಣಗಿದ ಕೆರೆಯಂಗಳಗಳಲ್ಲಿ ಓಡಾಡುವವರಿಗೆ ಇದಕ್ಕಿಂತ ಉತ್ತಮವಾದದ್ದಿಲ್ಲ. ಆದರೆ ಅಷ್ಟು ಉದ್ದದ್ದನ್ನು ಬಂಪರಿನ ಬಳಿ ಕೆಳಗೇ ಕೂರಿಸಬೇಕಾಗುತ್ತದೆ; ವೇಗದಲ್ಲಿ ಅದು ಹಿಂದಕ್ಕೆ ಬಾಗುತ್ತದೆ, ಬಾಗಿದಾಗ ಹೊಂದಾಣಿಕೆ ಏರುಪೇರಾಗುತ್ತದೆ, ಕೊಂಬೆಗೆ ಸಿಕ್ಕಿ ಬಿಟ್ಟುಕೊಂಡಾಗ ಹಿಂದೆ ನಿಂತವರ ಮುಖಕ್ಕೆ ಬಡಿಯುವ ಅಪಾಯವೂ ಇದೆ. ವಿದ್ಯುತ್ ತಂತಿಗಳು ತಗ್ಗಿರುವ ಕಡೆ ಇದನ್ನು ಬಾಗಿಸಿ ಕಟ್ಟದೆ ಓಡಿಸುವುದು ಪ್ರಾಣಕ್ಕೇ ಸಂಚಕಾರ.

ಫೈಬರ್‌ಗ್ಲಾಸ್ ಕಡ್ಡಿಗೆ ತಂತಿ ಸುತ್ತಿ, ಸುರುಳಿಯನ್ನು ತುದಿಯಲ್ಲಿ ಒತ್ತಾಗಿಸಿದ ಆಂಟೆನಾಗಳೇ ಆಫ್‌ರೋಡ್ ವಾಹನಗಳಲ್ಲಿ ಹೆಚ್ಚಾಗಿ ಕಾಣುವಂಥವು. ಫೈರ್‌ಸ್ಟಿಕ್ ಹೆಸರಿನವು ಈ ಬಗೆಯವು. ಸಾಮಾನ್ಯ ಉದ್ದ 90 ರಿಂದ 150 ಸೆಂಟಿಮೀಟರ್. ಸುರುಳಿ ಮೇಲಿರುವುದರಿಂದ ವಿದ್ಯುತ್ ಪ್ರವಾಹ ಕಡ್ಡಿಯ ಮೇಲುಭಾಗದವರೆಗೂ ಬಲವಾಗಿರುತ್ತದೆ. ಹೀಗಾಗಿ ಬುಡ ಬಾನೆಟ್ ಅಂಚಿನಲ್ಲೋ ಹಿಂಬದಿಯ ಸ್ಟೆಪ್ನಿ ಚಕ್ರದ ಬಳಿಯೋ ಇದ್ದರೂ, ತುದಿಯ ಭಾಗ ಛಾವಣಿಯನ್ನು ದಾಟಿ ನಿಂತರೆ ಕೆಲಸ ಸಮಾಧಾನಕರವಾಗಿ ನಡೆಯುತ್ತದೆ. ಜಾಗ ಮತ್ತು ಎತ್ತರ ಎರಡೂ ಅನುಕೂಲವಾಗಿದ್ದರೆ 120 ಸೆಂಟಿಮೀಟರಿನದನ್ನು ಆರಿಸಿ. 90 ಕ್ಕೆ ಇಳಿಯುವುದು ಅನಿವಾರ್ಯವಾದಾಗ ಮಾತ್ರ. ಈ ಕಡ್ಡಿ ಬಾಗುತ್ತದೆ, ಆದರೆ ಏಟಿಗೆ ಸೀಳುತ್ತದೆ. ಬುಡದಲ್ಲಿ ಸ್ಪ್ರಿಂಗ್ ಹಾಕಿದರೆ ಆಯುಸ್ಸು ಹೆಚ್ಚುತ್ತದೆ. ಸ್ಪ್ರಿಂಗ್ ಕೂಡ ಆಂಟೆನಾದ ಉದ್ದಕ್ಕೆ ಸೇರುವುದರಿಂದ ಅದನ್ನು ಹಾಕಿದ ಮೇಲೆಯೇ ಟ್ಯೂನ್ ಮಾಡಬೇಕು, ಅಂದರೆ ಉದ್ದವನ್ನು ಚಾನೆಲ್ಲುಗಳಿಗೆ ಹೊಂದಿಸಬೇಕು, ಮೊದಲಲ್ಲ.

ಸುರುಳಿ ಬುಡದಲ್ಲಿದ್ದು ಮೇಲೆ ತೆಳುವಾದ ಉಕ್ಕಿನ ಕಡ್ಡಿಯಿರುವ ಆಂಟೆನಾಗಳದು ಇದಕ್ಕೆ ವಿರುದ್ಧವಾದ ಗುಣ. ತೆಳುಕಡ್ಡಿ ಕೊಂಬೆಗಳ ನಡುವೆ ಸಲೀಸಾಗಿ ನುಸುಳುತ್ತದೆ, ಬಾಗಿದರೂ ನೆಟ್ಟಗಾಗುತ್ತದೆ. ದಟ್ಟ ಕಾಡಿನ ದಾರಿಗೆ ನಾನು ಇದನ್ನೇ ಮೆಚ್ಚುತ್ತೇನೆ. ಆದರೆ ಹೆಚ್ಚು ಪ್ರಸಾರ ಮಾಡುವ ಭಾಗ ಬುಡದಲ್ಲೇ ಇರುವುದರಿಂದ ಇದನ್ನು ಛಾವಣಿಯ ಮೇಲೆ ಅಥವಾ ಬಾನೆಟ್ ಅಂಚಿನಲ್ಲಿ ಲೋಹಕ್ಕಿಂತ ಮೇಲೆಯೇ ಕೂರಿಸಬೇಕು. ಬಂಪರಿನಲ್ಲಿ ಕೂರಿಸಿದರೆ ಬುಡದ ಸುರುಳಿ ವಾಹನದ ಬೆನ್ನಿಗೆ ಮುಖಮಾಡಿ ನಿಲ್ಲುತ್ತದೆ. ಎಷ್ಟು ಟ್ಯೂನ್ ಮಾಡಿದರೂ ಅಂಥ ಜೋಡಣೆಯಿಂದ ಹೆಚ್ಚು ನಿರೀಕ್ಷಿಸಲಾಗದು.

ಅಯಸ್ಕಾಂತದ ಬುಡದ ಆಂಟೆನಾಕ್ಕೆ ತೂತು ಬೇಡ, ಐದು ನಿಮಿಷದ ಕೆಲಸ, ಬಾಡಿಗೆಯ ವಾಹನಕ್ಕೂ ಆಗುತ್ತದೆ. ಉಕ್ಕಿನ ಛಾವಣಿಯ ನಡುವೆ ಇಟ್ಟಾಗ ಇದು ಎಷ್ಟೋ ಶಾಶ್ವತ ಜೋಡಣೆಗಳಿಗಿಂತ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಏಕೆಂದರೆ ಜಾಗ ಅಷ್ಟು ಒಳ್ಳೆಯದು. ಮೊದಲ ಗಟ್ಟಿ ಕೊಂಬೆಗೆ ಅದು ಜಾರಿ ಬೀಳುತ್ತದೆ ಎಂಬುದೂ, ಅಡಿಯಲ್ಲಿ ಸಿಕ್ಕಿದ ಧೂಳು ಬಣ್ಣವನ್ನು ಗೀರುತ್ತದೆ ಎಂಬುದೂ ಅಷ್ಟೇ ನಿಜ. ಹಳೆಯ ಲ್ಯಾಂಡ್ ರೋವರ್ ಡಿಫೆಂಡರ್‌ನಂತೆ ಹೊರಮೈ ಬಹುಪಾಲು ಅಲ್ಯುಮಿನಿಯಂ ಆಗಿರುವ ವಾಹನಗಳಿಗೆ ಅಯಸ್ಕಾಂತ ಹಿಡಿಯುವುದೇ ಇಲ್ಲ. ಅಲ್ಯುಮಿನಿಯಂ ಒಳ್ಳೆಯ ವಾಹಕವಾದ್ದರಿಂದ ಅಲ್ಲಿ ಬೋಲ್ಟ್ ಹಾಕಿ ಕೂರಿಸಿದ ಆಂಟೆನಾ ಚೆನ್ನಾಗಿಯೇ ನಡೆಯುತ್ತದೆ. ಉಕ್ಕಿನ ಬುಡ ಅಲ್ಯುಮಿನಿಯಂಗೆ ತಾಗುವ ಜಾಗ ತೇವಕ್ಕೆ ಸವೆಯದಂತೆ ಗ್ರೀಸ್ ಹಚ್ಚಿ, ಆಗಾಗ ಬಿಚ್ಚಿ ನೋಡಬೇಕು.

ಬಾಡಿಯೇ ಫೈಬರ್‌ಗ್ಲಾಸ್ ಆಗಿದ್ದರೆ ಇಷ್ಟು ಹೊತ್ತು ಹೇಳಿದ ಆಂಟೆನಾಗಳ ಅಡಿಪಾಯವೇ ಇಲ್ಲದಂತಾಗುತ್ತದೆ. ಕಾಲುತರಂಗದ ಆಂಟೆನಾ ತಾನು ಅರ್ಧ ಮಾತ್ರ. ಉಳಿದರ್ಧದ ಕೆಲಸವನ್ನು ಕೆಳಗಿನ ಲೋಹದ ಹರವು, ಅಂದರೆ ಗ್ರೌಂಡ್ ಪ್ಲೇನ್ ಮಾಡುತ್ತದೆ. ಲೋಹ ಇಲ್ಲದ ಕಡೆಗೆ ‘ನೋ ಗ್ರೌಂಡ್ ಪ್ಲೇನ್’ ಎಂಬ ಕಿಟ್‌ಗಳಿವೆ. ಅವುಗಳಲ್ಲಿ ಕೇಬಲ್ಲೂ ಆಂಟೆನಾದ ಭಾಗವೇ ಆಗಿರುವುದರಿಂದ ಅದನ್ನು ಕತ್ತರಿಸುವಂತಿಲ್ಲ, ಬೇರೆ ಆಂಟೆನಾಕ್ಕೆ ಜೋಡಿಸುವಂತೆಯೂ ಇಲ್ಲ. ಬೆಲೆ ಸ್ವಲ್ಪ ಹೆಚ್ಚು, ಲೋಹದ ಛಾವಣಿಯ ಮೇಲಿನ ಆಂಟೆನಾಕ್ಕೆ ಸಾಟಿಯೂ ಅಲ್ಲ. ಆದರೆ ಇಂಥ ವಾಹನಕ್ಕೆ ಮಾಮೂಲಿ ಆಂಟೆನಾ ಹಾಕಿ ಪರದಾಡುವುದಕ್ಕಿಂತ ಇದು ಎಷ್ಟೋ ವಾಸಿ.

ಎಲ್ಲಿ ಕೂರಿಸುವುದು

ಛಾವಣಿಯ ನಟ್ಟನಡುವೆ ಕೂತ ಆಂಟೆನಾ ಎಲ್ಲ ದಿಕ್ಕಿಗೂ ಹೆಚ್ಚುಕಡಿಮೆ ಸಮನಾಗಿ ಪ್ರಸಾರ ಮಾಡುತ್ತದೆ. ಮೂಲೆಯಲ್ಲಿ ಕೂರಿಸಿದಾಗ ಪ್ರಸಾರ ಲೋಹ ಹೆಚ್ಚಿರುವ ಕಡೆಗೆ ವಾಲುತ್ತದೆ: ಹಿಂದಿನ ಎಡಮೂಲೆಯ ಆಂಟೆನಾ ಮುಂದಿನ ಬಲಮೂಲೆಯ ದಿಕ್ಕಿಗೆ ಹೆಚ್ಚು ಬಲವಾಗಿ ಕೇಳಿಸುತ್ತದೆ. ಸಾಲಿನ ಕೊನೆಯಲ್ಲಿ ಓಡುವ ವಾಹನಕ್ಕೆ ಇದು ಅನುಕೂಲವೇ, ಮುಂದಾಳಿಗೆ ಅಲ್ಲ. ಮುಂದಾಳಿನ ವಾಹನಕ್ಕೆ ಬಾನೆಟ್ ಅಂಚಿನ ಜಾಗ ಒಳ್ಳೆಯದು. ಎತ್ತರದ ಮಿತಿಯಿರುವವರಿಗೂ ಬಾನೆಟ್ ಅಂಚೇ ಸೂಕ್ತವಾದ ರಾಜಿ. ಅಲ್ಲಿಂದ ಕೇಬಲ್ ಒಳಗೆ ತರುವುದು ಸುಲಭ, ಆಂಟೆನಾ ಕೊಂಬೆಗೆ ಸಿಕ್ಕಿದರೆ ಚಾಲಕನಿಗೆ ಕಾಣುತ್ತದೆ. ಕಾಣುವುದೇ ಕೆಲವರಿಗೆ ಕಿರಿಕಿರಿಯಾಗುತ್ತದೆ ಎಂಬುದು ಬೇರೆ ಮಾತು.

ಸ್ಟೆಪ್ನಿ ಚಕ್ರದ ಹಿಂದಿನ ಜಾಗ ನೋಡಲು ಚೆಂದ, ಅಳವಡಿಸಲು ಸುಲಭ, ತೊಂದರೆಗಳೂ ಹೆಚ್ಚು. ಹಿಂಬಾಗಿಲು ಕೀಲುಗಳ ಮೂಲಕ ಮಾತ್ರ ಬಾಡಿಗೆ ತಾಗಿರುತ್ತದೆ. ಕೀಲಿನ ಗ್ರೀಸ್ ಮತ್ತು ಬಣ್ಣಗಳು ವಿದ್ಯುತ್ ಸಂಪರ್ಕವನ್ನು ಕೆಡಿಸುತ್ತವೆ. ಬಾಗಿಲಿನಿಂದ ಬಾಡಿಗೆ, ಬಾಡಿಯಿಂದ ಚಾಸಿಗೆ ಅಗಲವಾದ ಹೆಣೆದ ತಾಮ್ರದ ಪಟ್ಟಿಯನ್ನು, ಬಣ್ಣ ಕೆರೆದ ಜಾಗಗಳಲ್ಲಿ ಬಿಗಿಸಿದರೆ ಬಹಳಷ್ಟು ಸರಿಹೋಗುತ್ತದೆ. ಛಾವಣಿಯ ಸಾಮಾನುಕಟ್ಟೆಗೂ ಇದೇ ಮಾತು ಅನ್ವಯಿಸುತ್ತದೆ, ಏಕೆಂದರೆ ಅದು ರಬ್ಬರಿನ ಮೇಲೆ ಕೂತಿರಬಹುದು, ಪೌಡರ್ ಲೇಪನ ಪಡೆದಿರಬಹುದು. ಅದರ ಮೇಲೆ ಟೆಂಟು ಅಥವಾ ಡಬ್ಬಿಗಳನ್ನು ಹೊರುವವರು ಅವೆಲ್ಲ ಜಾಗದಲ್ಲಿರುವಾಗಲೇ ಆಂಟೆನಾವನ್ನು ಟ್ಯೂನ್ ಮಾಡಬೇಕು.

ರೇಡಿಯೊ ಸೆಟ್ಟು

ಸೆಟ್ಟಿನ ಬೆಲೆಯಿಂದ ದೂರ ಸಿಗದು ಎಂದೆ; ಹಾಗಾದರೆ ಏನು ಸಿಗುತ್ತದೆ? ಪಕ್ಕದ ಚಾನೆಲ್‌ನ ಗದ್ದಲವನ್ನು ತಡೆಯುವ ರಿಸೀವರ್, ಎಂಜಿನ್ನಿನ ಸದ್ದನ್ನು ಕತ್ತರಿಸುವ ಫಿಲ್ಟರ್, ಹೆಚ್ಚು ನಿಯಂತ್ರಣಗಳು ಮತ್ತು ಗಟ್ಟಿಯಾದ ಪೆಟ್ಟಿಗೆ. ಕೋಬ್ರಾ 29 ರಂಥ ದೊಡ್ಡ ಸೆಟ್ಟುಗಳು ಲಾರಿಯ ಕ್ಯಾಬಿನ್ನಿಗೆ ಹೇಳಿ ಮಾಡಿಸಿದಂಥವು. ಸಣ್ಣ ಆಫ್‌ರೋಡ್ ವಾಹನದಲ್ಲಿ ಅವು ಮೊಣಕಾಲಿಗೆ ತಗಲುತ್ತವೆ, ಇಲ್ಲವೇ ಏರ್‌ಬ್ಯಾಗ್ ತೆರೆದುಕೊಳ್ಳುವ ದಾರಿಗೆ ಅಡ್ಡ ಬರುತ್ತವೆ. ಯುನಿಡೆನ್ ಪ್ರೊ 510 ರಂಥ ಚಿಕ್ಕ ಸೆಟ್ಟಿನಲ್ಲಿ ಚಾನೆಲ್, ಧ್ವನಿ, ಮಾತಿಲ್ಲದಾಗಿನ ಗೊರಗೊರ ಸದ್ದನ್ನು ಅಡಗಿಸುವ ಸ್ಕ್ವೆಲ್ಚ್‌ಗಳ ಹೊರತು ಹೆಚ್ಚೇನೂ ಇಲ್ಲ, ಆದರೆ ತಂಡದೊಡನೆ ಸಾಗುವವರಿಗೆ ಅದಕ್ಕಿಂತ ಹೆಚ್ಚೇನೂ ಬೇಕಾಗುವುದಿಲ್ಲ. ಕಡಿಮೆ ಬಜೆಟ್ಟಿನವರು ಇಂಥದ್ದನ್ನು ಕೊಂಡು, ಉಳಿಸಿದ ಹಣವನ್ನು ಆಂಟೆನಾಕ್ಕೆ ಸುರಿಯುವುದು ಜಾಣತನ.

ನಿಯಂತ್ರಣಗಳೆಲ್ಲ ಮೈಕಿನಲ್ಲೇ ಇರುವ ಕೋಬ್ರಾ 75 ರಂಥ ಸೆಟ್ಟುಗಳು ಜಾಗವಿಲ್ಲದ ಡ್ಯಾಶ್‌ಬೋರ್ಡಿಗೆ ವರದಾನ. ಚಿಕ್ಕ ಪೆಟ್ಟಿಗೆಯನ್ನು ಸೀಟಿನ ಕೆಳಗೆ ಬಚ್ಚಿಟ್ಟು, ವಾಹನ ನಿಲ್ಲಿಸಿದಾಗ ಮೈಕನ್ನು ಕಳಚಿ ಒಯ್ಯಬಹುದು. ಎರಡು ದೌರ್ಬಲ್ಯಗಳಿವೆ: ಮೈಕಿನಲ್ಲಿರುವ ಪುಟ್ಟ ಸ್ಪೀಕರು ಮೇಲುಹೊದಿಕೆ ತೆಗೆದ ವಾಹನದಲ್ಲಿ ಕೇಳಿಸುವುದಿಲ್ಲ, ಮೈಕ್ ಕಳಚುವ ಕನೆಕ್ಟರಿನಲ್ಲಿ ಧೂಳು ತುಂಬಿಕೊಳ್ಳುತ್ತದೆ. ಅಲ್ಲದೆ ಮೈಕ್ ಕೆಟ್ಟರೆ ಇಡೀ ಸೆಟ್ಟೇ ಕೆಟ್ಟಂತೆ; ಸಾಮಾನ್ಯ ಸೆಟ್ಟಿನಲ್ಲಾದರೆ ಬೇರೆ ಮೈಕ್ ಸಿಕ್ಕಿಸಿದರೆ ಮುಗಿಯಿತು.

ಕೈಯಲ್ಲಿ ಹಿಡಿಯುವ ಸೆಟ್ಟನ್ನು ವಾಹನದ ಮುಖ್ಯ ರೇಡಿಯೊ ಆಗಿ ನಾನು ಯಾರಿಗೂ ಸೂಚಿಸುವುದಿಲ್ಲ. ಅದರ ಗೇಣುದ್ದದ ಆಂಟೆನಾ ಲೋಹದ ಬಾಡಿಯೊಳಗೆ ಬಹುತೇಕ ನಿರುಪಯೋಗಿ. ಆದರೆ ಬಂಡೆಗಳ ನಡುವೆ ಕೆಳಗಿಳಿದು ನಿಂತು, ಯಾವ ಚಕ್ರ ಎಲ್ಲಿ ಇಡಬೇಕೆಂದು ಚಾಲಕನಿಗೆ ಹೇಳುವವರ ಕೈಯಲ್ಲಿ ಅದೇ ಸೆಟ್ಟು ಬೆಲೆಬಾಳುತ್ತದೆ. ಮಿಡ್‌ಲ್ಯಾಂಡ್ 75-822 ರಂತೆ ಬ್ಯಾಟರಿ ಭಾಗವನ್ನು ಕಳಚಿ ವಾಹನದ ವಿದ್ಯುತ್ತಿಗೂ ಹೊರಗಿನ ಆಂಟೆನಾಕ್ಕೂ ಜೋಡಿಸಬಹುದಾದ ಸೆಟ್ಟು ಎರಡೂ ಕೆಲಸಕ್ಕೆ ಬರುತ್ತದೆ. ಪದೇ ಪದೇ ವಾಹನ ಬದಲಿಸುವವರಿಗೂ ಒಪ್ಪುತ್ತದೆ.

ಎಸ್‌ಎಸ್‌ಬಿ (ಸಿಂಗಲ್ ಸೈಡ್ ಬ್ಯಾಂಡ್, ಅಂದರೆ ಎಎಂ ತರಂಗದ ಒಂದು ಪಾರ್ಶ್ವವನ್ನು ಮಾತ್ರ ಕಳಿಸುವ) ವಿಧಾನವಿರುವ ಸೆಟ್ಟುಗಳ ಬಗ್ಗೆ ಹೆಚ್ಚು ಗೊಂದಲವಿದೆ. ಅಮೆರಿಕದ ನಿಯಮದಲ್ಲಿ ಎಸ್‌ಎಸ್‌ಬಿಗೆ 12 ವಾಟ್ ಗರಿಷ್ಠ ಶಕ್ತಿಯ ಅವಕಾಶವಿದೆ, ಶಕ್ತಿ ವಾಹಕ ತರಂಗಕ್ಕೆ ವ್ಯಯವಾಗದೆ ಮಾತಿಗೇ ಸಲ್ಲುತ್ತದೆ, ಆದ್ದರಿಂದ ದೂರವೂ ನಿಜವಾಗಿ ಹೆಚ್ಚುತ್ತದೆ. ಆದರೆ ಎದುರಿನವರ ಬಳಿಯೂ ಎಸ್‌ಎಸ್‌ಬಿ ಇರಬೇಕು, ಗುಂಡಿಯನ್ನು ನಾಜೂಕಾಗಿ ತಿರುಗಿಸಿ ಧ್ವನಿಯನ್ನು ಸರಿಪಡಿಸಿಕೊಳ್ಳಬೇಕು. ಕುಲುಕುವ ವಾಹನದಲ್ಲಿ ಇದು ಹಿಂಸೆ. ಒಂದೇ ತಂಡದ ಎರಡು ವಾಹನಗಳು ಬೇರೆ ಬೇರೆ ಕಣಿವೆಗಳಲ್ಲಿ ಸಾಗುವಂತಿದ್ದರೆ ಮಾತ್ರ ಈ ಖರ್ಚು ಸಮರ್ಥನೀಯ. ಎಫ್‌ಎಂ ವಿಧಾನದಲ್ಲಿ ಹತ್ತಿರದ ಮಾತು ಗದ್ದಲವಿಲ್ಲದೆ ಕೇಳಿಸುತ್ತದೆ; ಅಮೆರಿಕ ಇದಕ್ಕೆ 2021 ರಲ್ಲಿ ಒಪ್ಪಿಗೆ ಕೊಟ್ಟಿತು. ತಂಡವೆಲ್ಲ ಒಟ್ಟಿಗೆ ಹೊಸ ಸೆಟ್ಟು ಕೊಳ್ಳುವುದಾದರೆ ಎಎಂ, ಎಫ್‌ಎಂ ಎರಡೂ ಇರುವುದನ್ನು ಕೊಳ್ಳುವುದು ಒಳಿತು.

ತಂತಿ ಮತ್ತು ಕೇಬಲ್ಲು

ಸಿಬಿ ಸೆಟ್ಟಿಗೆ ಬೇಕಾದ ವಿದ್ಯುತ್ತು ಸುಮಾರು 2 ಆಂಪಿಯರ್ ಮಾತ್ರವಾದ್ದರಿಂದ ಸಿಗರೇಟ್ ಲೈಟರ್ ಸಾಕೆಟ್ಟಿನಿಂದಲೂ ಅದು ನಡೆಯುತ್ತದೆ. ತಾತ್ಕಾಲಿಕ ಬಳಕೆಗೆ ಇದು ಸಾಕು; ಆದರೆ ಕುಲುಕಾಟಕ್ಕೆ ಪ್ಲಗ್ ಸಡಿಲಾಗುತ್ತದೆ, ಬೇರೆ ಉಪಕರಣಗಳ ಗದ್ದಲವೂ ಸೇರಿಕೊಳ್ಳುತ್ತದೆ. ಬ್ಯಾಟರಿಯಿಂದಲೇ ನೇರವಾಗಿ ತಂತಿ ಎಳೆದು, ಧನ ತುದಿಯಲ್ಲಿ ಬ್ಯಾಟರಿಗೆ ಆದಷ್ಟು ಹತ್ತಿರದಲ್ಲಿ ಫ್ಯೂಸ್ ಹಾಕುವುದು ಶಾಶ್ವತ ಜೋಡಣೆಗೆ ಸರಿಯಾದ ಕ್ರಮ. 24 ವೋಲ್ಟಿನ ವಾಹನಕ್ಕೆ ಸಿಬಿಯನ್ನು ಜೋಡಿಸುವವರು ವೋಲ್ಟೇಜ್ ಇಳಿಸುವ ಪರಿವರ್ತಕವನ್ನು ಬಜೆಟ್ಟಿಗೆ ಸೇರಿಸಿಕೊಳ್ಳಬೇಕು. ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ ವಿದ್ಯುತ್ತು ತೆಗೆಯುವ ಅಡ್ಡದಾರಿ ಬ್ಯಾಟರಿಗಳನ್ನು ಹಾಳುಮಾಡುತ್ತದೆ. ಎಂಜಿನ್ ವೇಗದೊಡನೆ ಏರಿಳಿಯುವ ಕೀರಲು ಸದ್ದು ಆಲ್ಟರ್ನೇಟರಿನದು, ಟಿಕ್ ಟಿಕ್ ಸದ್ದು ಸ್ಪಾರ್ಕ್ ಪ್ಲಗ್ಗಿನದು. ಮೊದಲನೆಯದಕ್ಕೆ ನೇರ ತಂತಿ ಮತ್ತು ಫಿಲ್ಟರು, ಎರಡನೆಯದಕ್ಕೆ ರೆಸಿಸ್ಟರ್ ಇರುವ ಪ್ಲಗ್ಗುಗಳು ಪರಿಹಾರ.

ಕೇಬಲ್ಲಿನ ಆಯ್ಕೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. 50 ಓಮ್‌ನ ಆರ್‌ಜಿ-58 ತೆಳ್ಳಗಿದ್ದು ಬಾಗಿಲಿನ ಸಂದಿಗಳಲ್ಲಿ ಹೋಗುತ್ತದೆ. ಆರ್‌ಜಿ-8ಎಕ್ಸ್ ತುಸು ದಪ್ಪ, ನಷ್ಟ ಕಡಿಮೆ. ಐದಾರು ಮೀಟರ್ ಉದ್ದಕ್ಕೆ ಇವೆರಡರ ವ್ಯತ್ಯಾಸ ಕಿವಿಗೆ ತಿಳಿಯುವುದಿಲ್ಲ. ಹೆಚ್ಚಾದ ಕೇಬಲ್ಲನ್ನು ಬಿಗಿಯಾಗಿ ಸುತ್ತಿಡದೆ ಸಡಿಲವಾಗಿ ಹರಡಿ. ಬಾಗಿಲಿನಲ್ಲಿ ಜಜ್ಜಿಹೋಗದಂತೆ ನೋಡಿಕೊಳ್ಳುವುದು ಅದರ ದಪ್ಪಕ್ಕಿಂತ ಮುಖ್ಯ.

ಟ್ಯೂನಿಂಗ್

ಆಂಟೆನಾ ಯಾವುದೇ ಆಗಲಿ, ಅದರಿಂದ ಸೆಟ್ಟಿಗೆ ಎಷ್ಟು ಶಕ್ತಿ ಮರಳಿ ಬರುತ್ತದೆಂದು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರಿನಿಂದ ಅಳೆಯದೆ ಪ್ರಸಾರ ಮಾಡಬಾರದು. ಆಂಟೆನಾ ಜೋಡಿಸದೆ ಮೈಕಿನ ಗುಂಡಿ ಒತ್ತಲೇಬಾರದು. ವಾಹನವನ್ನು ಕಟ್ಟಡ, ಮರಗಳಿಂದ ದೂರ ತೆರೆದ ಜಾಗದಲ್ಲಿ ನಿಲ್ಲಿಸಿ, ಬಾಗಿಲುಗಳನ್ನು ಮುಚ್ಚಿ, ಚಾನೆಲ್ 1 ಮತ್ತು 40 ರಲ್ಲಿ ಅಳೆಯಿರಿ. 1 ರಲ್ಲಿ ಅಂಕಿ ಹೆಚ್ಚಿದ್ದರೆ ಆಂಟೆನಾ ಗಿಡ್ಡವಾಗಿದೆ, 40 ರಲ್ಲಿ ಹೆಚ್ಚಿದ್ದರೆ ಉದ್ದವಾಗಿದೆ. 1.5 ರೊಳಗೆ ಬಂದರೆ ಚೆನ್ನು. 2 ಎಂದರೂ ಮರಳಿ ಬರುವ ಶಕ್ತಿ ಸುಮಾರು 11 ಶೇಕಡ ಮಾತ್ರವಾದ್ದರಿಂದ ಅದನ್ನು 1.2 ಕ್ಕೆ ಇಳಿಸಲು ಇಡೀ ದಿನ ಕಳೆಯುವುದು ವ್ಯರ್ಥ. 3 ಕ್ಕೆ ಏರಿದರೆ ಕಾಲುಭಾಗ ಶಕ್ತಿ ಹಿಂತಿರುಗಿ, ಸೆಟ್ಟಿನ ಕೊನೆಯ ಟ್ರಾನ್ಸಿಸ್ಟರಿಗೆ ಅಪಾಯವಾಗುತ್ತದೆ. ಎರಡೂ ಚಾನೆಲ್‌ಗಳಲ್ಲಿ 3 ಕ್ಕಿಂತ ಹೆಚ್ಚು ಬಂದರೆ ಆಂಟೆನಾವನ್ನು ಕತ್ತರಿಸಲು ಹೋಗಬೇಡಿ. ದೋಷ ಬಹುತೇಕ ಅರ್ತಿಂಗಿನಲ್ಲಿ ಅಥವಾ ಕನೆಕ್ಟರಿನಲ್ಲಿರುತ್ತದೆ. ಮಲ್ಟಿಮೀಟರಿನಲ್ಲಿ ಆಂಟೆನಾದ ಬುಡದಿಂದ ಬ್ಯಾಟರಿಯ ಋಣ ತುದಿಗೆ ಒಂದು ಓಮ್‌ಗಿಂತ ಕಡಿಮೆ ತೋರಬೇಕು. ತಿರುಪಿನಿಂದ ಹೊಂದಿಸಬಹುದಾದ ತುದಿಯಿರುವ ಆಂಟೆನಾಕ್ಕೆ ತುಸು ಹೆಚ್ಚು ಕೊಡುವುದು ಹೊಸಬರಿಗೆ ಲಾಭವೇ, ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗದು.

ಯಾರಿಗೆ ಯಾವುದು

ವರ್ಷಕ್ಕೊಮ್ಮೆ ತಂಡದೊಡನೆ ಹೋಗುವವರಿಗೆ ಅಥವಾ ವಾಹನ ತಮ್ಮದಲ್ಲದವರಿಗೆ ಚಿಕ್ಕ ಸೆಟ್ಟು, ಅಯಸ್ಕಾಂತದ ಆಂಟೆನಾ, ಲೈಟರ್ ಸಾಕೆಟ್ಟು ಸಾಕು. ಉಕ್ಕಿನ ಬಾಡಿಯ ಸ್ವಂತ ವಾಹನದಲ್ಲಿ ಕಾಡುದಾರಿ ಹಿಡಿಯುವವರು ಬಾನೆಟ್ ಅಂಚಿನಲ್ಲಿ ಬುಡದ ಸುರುಳಿಯ ತೆಳುಕಡ್ಡಿಯನ್ನು, ಬಂಡೆದಾರಿ ಮತ್ತು ಕುರುಚಲು ಗುಡ್ಡಗಳವರು ಸ್ಪ್ರಿಂಗ್ ಇರುವ 120 ಸೆಂಟಿಮೀಟರಿನ ಫೈಬರ್‌ಗ್ಲಾಸ್ ಕಡ್ಡಿಯನ್ನು ನೋಡಲಿ. ಮೇಲುಹೊದಿಕೆ ತೆಗೆದು ಓಡಿಸುವವರಿಗೆ ಯಾವ ಸೆಟ್ಟಿಗೂ ಹೊರಗಿನ ಸ್ಪೀಕರು ಬೇಕೇ ಬೇಕು, ಅದರ ಹಣವನ್ನು ಮೊದಲೇ ಎತ್ತಿಡಿ. ತಂಡದ ಮುಂದಾಳಿಗೆ ಒಳ್ಳೆಯ ರಿಸೀವರಿನ ಸೆಟ್ಟೂ, ಕೆಳಗಿಳಿದವರಿಗೆ ಕೊಡಲು ಒಂದು ಕೈಸೆಟ್ಟೂ ಜೊತೆಗಿರಲಿ.

ಹಣ ಒಮ್ಮೆಗೇ ಒದಗದಿದ್ದರೆ ಮೊದಲು ಆಂಟೆನಾ, ಅದರ ಬುಡ ಮತ್ತು ತಾಮ್ರದ ಪಟ್ಟಿ; ನಂತರ ಕೈಗೆಟಕುವ ಸೆಟ್ಟು; ಎಸ್‌ಡಬ್ಲ್ಯುಆರ್ ಮೀಟರನ್ನು ತಂಡದಲ್ಲಿ ಯಾರಿಂದಲಾದರೂ ಎರವಲು ಪಡೆಯಬಹುದು. ಎರಡೂ ಬದಿಗೆ ಒಂದೊಂದು ಆಂಟೆನಾ ಹಾಕಿಸುವ ಆಸೆಯಿದ್ದರೆ ಕೈಬಿಡಿ. ಜೋಡಿ ಆಂಟೆನಾಗಳಿಂದ ಪ್ರಯೋಜನವಾಗಲು ಅವುಗಳ ನಡುವೆ ಕಾಲುತರಂಗದಷ್ಟಾದರೂ, ಅಂದರೆ 2.7 ಮೀಟರ್‌ನಷ್ಟು ಅಂತರವಿರಬೇಕು. ಅಷ್ಟು ಅಗಲದ ಆಫ್‌ರೋಡ್ ವಾಹನ ಕಿರಿದಾದ ದಾರಿಯಲ್ಲಿ ಹಿಡಿಸುವುದೇ ಇಲ್ಲ.